ಪ್ಯೂರಿಟನ್ ಮತವೂ ಆಂಗ್ಲ ಸಾಹಿತ್ಯವೂ

೧

ಆಂಗ್ಲ ಸಾಹಿತ್ಯದ ಚರಿತ್ರೆಯನ್ನು ಪಾಠ ಹೇಳುವವರು ಹದಿನೇಳನೆಯ ಶತಮಾನದ ನಡುಭಾಗಕ್ಕೆ ಬಂದಾಗ ಒಂದು ತೊಡಕನ್ನು ಎದುರಿಸಬೇಕಾಗುತ್ತದೆ. ೧೬೪೨ನೆಯ ಇಸವಿ ಸೆಪ್ಟೆಂಬರ್ ತಿಂಗಳಿನಲ್ಲಿ ಲಂಡನ್ನಿನ ನಾಟಕಶಾಲೆಗಳು ಪಾರ್ಲಿಮೆಂಟಿನ ಆಜ್ಞೆಯಿಂದ ಮುಚ್ಚಿಹೋದುವು. ಷೇಕ್ಸ್‌ಪಿಯರ್ ಮಹಾಕವಿಯು ಕಾಲವಾಗಿ ಆಗ್ಗೆ ೨೬ ವರ್ಷಗಳು ಮಾತ್ರ ಕಳೆದಿದ್ದುವು. ಈ ಆಜ್ಞೆಯನ್ನು ಹೊರಡಿಸಿದ ಪಕ್ಷದಲ್ಲಿ ಪ್ಯೂರಿಟನ್ನರದೇ ಮೇಲುಗೈ. ಆದರೆ ಅದೇ ಪಕ್ಷಕ್ಕಾಗಿ ತನ್ನ ನಡುವಯಸ್ಸಿನ ಸುಮಾರು ಇಪ್ಪತ್ತು ವರ್ಷಗಳನ್ನು ವಿನಿಯೋಗಿಸಿ, ಆ ದುಡಿಮೆಯ ನಡುವೆ ಕಣ್ಣುಗಳನ್ನೂ ಕಳೆದುಕೊಂಡ ಮಿಲ್ಟನ್ನನು ೧೬೬೭ರಲ್ಲಿ 'ಪ್ಯಾರಡೈಸ್ ಲಾಸ್ಟ್' ಎಂಬ ಮಹಾಕಾವ್ಯವನ್ನು ಪ್ರಕಟಿಸಿದನು. ಅದೇ ಮತದ ಕವಲೊಂದಕ್ಕೆ ಸೇರಿ, ತೂತುಬಿದ್ದ ಪಾತ್ರೆಗಳಿಗೆ ತೇಪೆಹಾಕುವ ಕಸಬಿನಿಂದ ಜೀವಿಸುತ್ತಿದ್ದ ಜಾನ್ ಬನ್ಯನ್ ಎಂಬಾತನು ೧೬೭೮ರಲ್ಲಿ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಎಂಬ ಗದ್ಯಕಥೆಯನ್ನು ಲೋಕಕ್ಕೆ ಕೊಟ್ಟನು. ಬೈಬಲನ್ನು ಬಿಟ್ಟರೆ ಇಂಗ್ಲೆಂಡಿನ ಬಡವರ ಮನೆಗಳಲ್ಲಿ ಇದರಷ್ಟು ಓದಿಸಿಕೊಂಡ ಗ್ರಂಥಗಳು ವಿರಳ. ಕಲೆಗೆ ಬಾಗಿಲು ಹಾಕಿದವರ ಮನೆಯೊಳಗೇ ಇಂತಹ ಕಲೆ ಹುಟ್ಟಿದುದು ಹೇಗೆ?

ಈ ಪ್ರಶ್ನೆಗೆ ವಾಡಿಕೆಯಲ್ಲಿರುವ ಸಮಾಧಾನವು ಸುಲಭವಾದುದು. ಮಿಲ್ಟನ್ನನಲ್ಲಿ ಕವಿ ಬೇರೆ, ಮತನಿಷ್ಠ ಬೇರೆ. ಗ್ರೀಕ್ ಲ್ಯಾಟಿನ್ ಸಾಹಿತ್ಯಗಳ ಸಂಸ್ಕಾರದಿಂದ ಕವಿಯು ಬದುಕಿಕೊಂಡನು, ಮತನಿಷ್ಠನು ಅವನ ಕೈಕಟ್ಟಿದನು ಎಂದು ಹೇಳುವುದುಂಟು. ಬನ್ಯನ್ನನ ವಿಷಯದಲ್ಲಿಯಾದರೋ, ಅವನು ತನಗೆ ತಿಳಿಯದೆಯೇ ಕಲಾವಿದನಾದನೆಂದು ಹೇಳಿ ಮುಂದೆ ಸಾಗುತ್ತಾರೆ. ಎಂದರೆ ಪ್ಯೂರಿಟನ್ ಸಾಹಿತ್ಯವು ಆ ಮತವನ್ನು ಮೀರಿ ಬೆಳೆದ ಸಾಹಿತ್ಯವೆಂದು ಅಭಿಪ್ರಾಯ. ಈ ಅಭಿಪ್ರಾಯದಲ್ಲಿ ಅರ್ಧಸತ್ಯವಿದೆಯೆಂದೂ, ಉಳಿದ ಅರ್ಧವನ್ನು ಬಿಟ್ಟರೆ ಆ ಕೃತಿಗಳ ಮರ್ಮವೇ ಕೈತಪ್ಪುವುದೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಪ್ಯೂರಿಟನ್ನರು ಕಣ್ಣಿಗೆ ಕಾಣುವ ರೂಪಗಳನ್ನು ಹೊರಗಿನಿಂದ ತೆಗೆದುಹಾಕಿದರು. ತೆಗೆದುಹಾಕಿದುದರ ಫಲವಾಗಿಯೇ ಅವು ಒಳಗೆ, ಓದುಗನ ಮನಸ್ಸಿನಲ್ಲಿ, ಮತ್ತೆ ಎದ್ದುನಿಂತುವು. ಆ ಲಾಭವೂ ಆ ನಷ್ಟವೂ ಒಂದೇ ಮೂಲದಿಂದ ಹೊರಟವು.

೨

ಇದನ್ನು ತಿಳಿಯಬೇಕಾದರೆ ಮತಸುಧಾರಣೆಯ ಆರಂಭಕ್ಕೆ ಹಿಂದಿರುಗಬೇಕು. ೧೫೧೭ನೆಯ ಅಕ್ಟೋಬರ್ ೩೧ರಂದು ಜರ್ಮನಿಯ ವಿಟ್ಟೆನ್‌ಬರ್ಗ್ ನಗರದಲ್ಲಿ ಮಾರ್ಟಿನ್ ಲೂಥರನು ಪಾಪಕ್ಷಮಾಪತ್ರಗಳ ವ್ಯಾಪಾರವನ್ನು ಖಂಡಿಸಿ ೯೫ ವಾದಸೂತ್ರಗಳನ್ನು ಮುಂದಿಟ್ಟನು. ವಿವಾದವು ಬೆಳೆದಂತೆ ಅದರ ತಿರುಳು ಸ್ಪಷ್ಟವಾಯಿತು. ಮನುಷ್ಯನಿಗೂ ದೇವರಿಗೂ ನಡುವೆ ನಿಂತು ತೀರ್ಪು ಹೇಳುವ ಅಧಿಕಾರವು ಪೋಪರದೋ, ಸಭಾಸಂಪ್ರದಾಯದ್ದೋ, ಶಾಸ್ತ್ರವಾಕ್ಯದ್ದೋ? ಶಾಸ್ತ್ರವಾಕ್ಯದ್ದೇ ಎಂದು ಲೂಥರನ ಉತ್ತರ. ಹಾಗಾದ ಮೇಲೆ ಆ ವಾಕ್ಯವು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿರಬೇಕಾದುದು ಅನಿವಾರ್ಯ. ಲೂಥರನ ಜರ್ಮನ್ 'ಹೊಸ ಒಡಂಬಡಿಕೆ'ಯು ೧೫೨೨ರಲ್ಲಿಯೂ, ಸಂಪೂರ್ಣ ಬೈಬಲು ೧೫೩೪ರಲ್ಲಿಯೂ ಹೊರಬಂದುವು. ಅಚ್ಚುಕೂಟವು ಯೂರೋಪಿನಲ್ಲಿ ಆಗಲೇ ಬೇರೂರಿದ್ದುದರಿಂದ ಒಂದು ಊರಿನ ವಾದವು ಕೆಲವೇ ವಾರಗಳಲ್ಲಿ ದೇಶಾಂತರದ ವಾದವಾಗುತ್ತಿತ್ತು.

ಇಂಗ್ಲೆಂಡಿನಲ್ಲಿ ಸುಧಾರಣೆಯು ಎರಡು ದಾರಿಗಳಲ್ಲಿ ಬಂದಿತು. ಒಂದು ಅರಮನೆಯ ದಾರಿ. ಎಂಟನೆಯ ಹೆನ್ರಿ ದೊರೆಯು ತನ್ನ ವಿವಾಹವನ್ನು ರದ್ದುಪಡಿಸಲು ಪೋಪರು ಒಪ್ಪದಿರಲಾಗಿ, ೧೫೩೪ರ ಶಾಸನದ ಮೂಲಕ ತಾನೇ ಇಂಗ್ಲೆಂಡಿನ ಸಭೆಗೆ ಶಿರಸ್ಸೆಂದು ಘೋಷಿಸಿಕೊಂಡನು. ೧೫೩೬ರಿಂದ ೧೫೪೦ರೊಳಗಾಗಿ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡನು. ಇನ್ನೊಂದು ಪುಸ್ತಕದ ದಾರಿ. ಆಕ್ಸ್‌ಫರ್ಡಿನಲ್ಲಿ ಓದಿದ ವಿಲಿಯಂ ಟಿಂಡೇಲನು ಗ್ರೀಕ್ ಮೂಲದಿಂದ ಇಂಗ್ಲಿಷಿಗೆ ತಂದ 'ಹೊಸ ಒಡಂಬಡಿಕೆ'ಯು ೧೫೨೬ರಲ್ಲಿ ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿ ಅಚ್ಚಾಗಿ ಸರಕಿನ ಮೂಟೆಗಳಲ್ಲಿ ಅಡಗಿ ಇಂಗ್ಲೆಂಡನ್ನು ಸೇರಿತು. ಅಧಿಕಾರಿಗಳು ಅದನ್ನು ಹುಡುಕಿ ಸುಟ್ಟರು. ೧೫೩೬ರಲ್ಲಿ ಬ್ರಸೆಲ್ಸಿನ ಬಳಿ ಟಿಂಡೇಲನನ್ನು ಕೊರಳು ಬಿಗಿದು ಕೊಂದು ಆತನ ದೇಹವನ್ನು ಸುಟ್ಟರು.

ಒಂದು ಭಾಷಾಂತರಕ್ಕೆ ಇಷ್ಟೊಂದು ಭಯವೇಕೆಂದು ಕೇಳಬಹುದು. ಆತನನ್ನು ಖಂಡಿಸಿ ೧೫೨೯ರಲ್ಲಿ ಗ್ರಂಥ ಬರೆದ ಸರ್ ಥಾಮಸ್ ಮೋರನ ಆಕ್ಷೇಪಣೆಗಳನ್ನು ನೋಡಿದರೆ ಕಾರಣವು ತಿಳಿಯುತ್ತದೆ. ಗುರುಪೀಠವೆಂಬ ಅರ್ಥ ಬರುವ ರೂಢಿಯ ಪದವಿದ್ದ ಕಡೆ ಟಿಂಡೇಲನು 'ಕೂಡಿದ ಜನ' ಎಂಬ ಅರ್ಥದ ಪದವನ್ನು ಹಾಕಿದನು. ಪುರೋಹಿತನಿದ್ದ ಕಡೆ 'ಹಿರಿಯ'ನು ಬಂದನು. ಪ್ರಾಯಶ್ಚಿತ್ತವಿಧಿಯಿದ್ದ ಕಡೆ 'ಪಶ್ಚಾತ್ತಾಪ'ವೂ, ದಾನಧರ್ಮದ ವಾಸನೆಯಿದ್ದ ಪದದ ಕಡೆ 'ಪ್ರೀತಿ'ಯೂ ಬಂದುವು. ನಾಲ್ಕು ಪದಗಳು ಬದಲಾದುವು. ಒಂದು ವ್ಯವಸ್ಥೆಯ ಆಧಾರಸ್ತಂಭಗಳು ಅಲುಗಿದುವು. ಪದದ ಆಯ್ಕೆಯು ಪ್ರಾಣದ ಪ್ರಶ್ನೆಯಾಗಬಲ್ಲುದೆಂಬ ಅರಿವು ಇಂಗ್ಲಿಷ್ ಗದ್ಯಕ್ಕೆ ಹೀಗೆ ಅದರ ಬಾಲ್ಯದಲ್ಲಿಯೇ ಉಂಟಾಯಿತು. ಮುಂದೆ ೧೬೧೧ರಲ್ಲಿ ಒಂದನೆಯ ಜೇಮ್ಸ್ ದೊರೆಯ ಆಶ್ರಯದಲ್ಲಿ ಸುಮಾರು ಐವತ್ತು ಮಂದಿ ವಿದ್ವಾಂಸರು ಸಿದ್ಧಪಡಿಸಿದ ಬೈಬಲಿನ 'ಹೊಸ ಒಡಂಬಡಿಕೆ'ಯಲ್ಲಿ ಬಹುಪಾಲು ಮಾತು ಟಿಂಡೇಲನದೇ. ಆ ಭಾಷಾಂತರವಾಗಬೇಕೆಂದು ೧೬೦೪ರ ಹ್ಯಾಂಪ್ಟನ್ ಕೋರ್ಟ್ ಸಭೆಯಲ್ಲಿ ಸೂಚಿಸಿದ ಜಾನ್ ರೇನಾಲ್ಡ್ಸನು ಪ್ಯೂರಿಟನ್ ಪಕ್ಷದವನೆಂಬುದನ್ನೂ ಮರೆಯಲಾಗದು.

೩

ಪ್ಯೂರಿಟನ್ ಎಂಬುದು ಮೊದಲಿಗೆ ಬಿರುದಲ್ಲ, ಬೈಗುಳು. ಮೇರಿ ರಾಣಿಯ ಆಳಿಕೆಯಲ್ಲಿ (೧೫೫೩–೧೫೫೮) ಸುಮಾರು ೨೮೦ ಮಂದಿ ಸುಧಾರಣಾವಾದಿಗಳು ಬೆಂಕಿಗೆ ಆಹುತಿಯಾದರು. ನೂರಾರು ಮಂದಿ ಜಿನೀವ, ಜೂರಿಚ್, ಫ್ರಾಂಕ್‌ಫರ್ಟ್ ಮುಂತಾದ ನಗರಗಳಿಗೆ ಓಡಿಹೋದರು. ಎಲಿಜಬೆತ್ ರಾಣಿಯು ಪಟ್ಟಕ್ಕೆ ಬಂದಮೇಲೆ ಹಿಂದಿರುಗಿದ ಇವರು ಕ್ಯಾಲ್ವಿನ್ನನ ಜಿನೀವವನ್ನು ಕಣ್ಣಾರೆ ಕಂಡಿದ್ದರು. ೧೫೫೯ರ ಶಾಸನದಿಂದ ಏರ್ಪಟ್ಟ ಆಂಗ್ಲ ಸಭೆಯು ಪೋಪರನ್ನು ಬಿಟ್ಟಿತ್ತಾದರೂ ಬಿಷಪ್ಪರನ್ನೂ ಪುರೋಹಿತರ ನಿಲುವಂಗಿಗಳನ್ನೂ ಹಳೆಯ ವಿಧಿಗಳಲ್ಲಿ ಅನೇಕವನ್ನೂ ಉಳಿಸಿಕೊಂಡಿತ್ತು. ಸುಧಾರಣೆಯು ಅರ್ಧಕ್ಕೇ ನಿಂತಿದೆ, ಸಭೆಯನ್ನು ಇನ್ನೂ ಶುದ್ಧಿಮಾಡಬೇಕು ಎಂದವರನ್ನು ಎದುರಾಳಿಗಳು ೧೫೬೦ರ ದಶಕದಲ್ಲಿ 'ಶುದ್ಧಿಗಾರರು' ಎಂಬ ಅರ್ಥದಲ್ಲಿ ಪ್ಯೂರಿಟನ್ನರೆಂದು ಹಾಸ್ಯಮಾಡಿದರು. ಅವರೊಳಗೂ ಒಂದೇ ಮತವಿರಲಿಲ್ಲ. ಹಿರಿಯರ ಮಂಡಲಿಗಳ ಮೂಲಕ ಸಭೆಯು ನಡೆಯಬೇಕೆಂಬ ಪ್ರೆಸ್ಬಿಟೇರಿಯನ್ನರು, ಒಂದೊಂದು ಊರಿನ ಸಭೆಯೂ ಸ್ವತಂತ್ರವೆಂಬ ಕಾಂಗ್ರಿಗೇಷನಲ್ ಪಂಥದವರು, ತಿಳಿವಳಿಕೆ ಬಂದ ಮೇಲೆಯೇ ದೀಕ್ಷಾಸ್ನಾನವಾಗಬೇಕೆಂಬ ಬ್ಯಾಪ್ಟಿಸ್ಟರು—ಹೀಗೆ ಕವಲುಗಳು ಹಲವು.

ಇವರನ್ನು ಒಂದುಗೂಡಿಸಿದುದು ಎರಡು ಸಂಗತಿಗಳು. ಮೊದಲನೆಯದು ಪುಸ್ತಕ. ಜಿನೀವಕ್ಕೆ ಓಡಿಹೋದವರು ೧೫೬೦ರಲ್ಲಿ ಅಚ್ಚುಹಾಕಿಸಿದ ಬೈಬಲು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ವಾಕ್ಯವಾಕ್ಯಕ್ಕೂ ಸಂಖ್ಯೆ, ಅಂಚಿನಲ್ಲಿ ಟಿಪ್ಪಣಿ, ಜತೆಗೆ ಭೂಪಟ—ಗುರುವಿಲ್ಲದೆ ಮನೆಯಲ್ಲಿ ಕುಳಿತು ಓದುವವನಿಗೆಂದೇ ಅದು ಸಿದ್ಧವಾಗಿತ್ತು. ಎರಡನೆಯದು ಕ್ಯಾಲ್ವಿನ್ನನ ಪೂರ್ವನಿರ್ಣಯ ಸಿದ್ಧಾಂತ. ಯಾರು ಉದ್ಧಾರವಾಗುವರು, ಯಾರು ಆಗರು ಎಂಬುದನ್ನು ದೇವರು ಸೃಷ್ಟಿಗೆ ಮೊದಲೇ ನಿರ್ಣಯಿಸಿದ್ದಾನೆ. ಮನುಷ್ಯನ ಸತ್ಕರ್ಮವು ಅದನ್ನು ಬದಲಿಸಲಾರದು. ಹೀಗಿರುವಲ್ಲಿ ಮನುಷ್ಯನು ನಿಶ್ಚಿಂತನಾಗಿ ಸುಮ್ಮನಿರಬೇಕಲ್ಲವೆ ಎಂದು ತೋರುವುದು ಸಹಜ. ನಡೆದುದು ಅದಕ್ಕೆ ವಿರುದ್ಧ. ನಿರ್ಣಯವನ್ನು ಬದಲಿಸಲಾಗದಿದ್ದರೂ ಅದರ ಗುರುತುಗಳನ್ನು ತನ್ನಲ್ಲಿ ಹುಡುಕಬಹುದಷ್ಟೆ? ಈ ದಿನ ನನ್ನ ಮನಸ್ಸಿನಲ್ಲಿ ಎದ್ದ ಪಶ್ಚಾತ್ತಾಪವು ನಿಜವಾದುದೋ, ಭಯದಿಂದ ಹುಟ್ಟಿದುದೋ? ಪ್ರಾರ್ಥನೆಯ ನಡುವೆ ಮನಸ್ಸು ಜಡವಾದುದು ಯಾವ ಸೂಚನೆ? ಪಾಪನಿವೇದನೆಯನ್ನು ಕೇಳಿ ಕ್ಷಮೆಯನ್ನು ಸಾರುವ ಪುರೋಹಿತನು ಈಗಿಲ್ಲ. ಆದುದರಿಂದ ಮನುಷ್ಯನು ತನಗೆ ತಾನೇ ಆರೋಪಿಯೂ ಸಾಕ್ಷಿಯೂ ಲೇಖಕನೂ ಆಗಬೇಕಾಯಿತು. ದಿನಚರಿ ಬರೆಯುವುದು ಧರ್ಮಕಾರ್ಯವಾಯಿತು. ಒಂದು ಸಾಮಾನ್ಯ ಜೀವಿತದ ಸಣ್ಣ ಸಣ್ಣ ಸಂಗತಿಗಳಿಗೆ ಅನಂತವಾದ ಅರ್ಥವಿದೆಯೆಂಬ ನಂಬಿಕೆಯು ಹೀಗೆ ನೆಲೆಗೊಂಡಿತು. ಸಾಹಿತ್ಯದ ದೃಷ್ಟಿಯಿಂದ ಇದು ಬಹಳ ದೊಡ್ಡ ಮಾರ್ಪಾಟು.

೪

ಲಾಭವನ್ನು ಹೇಳುವ ಮೊದಲು ನಷ್ಟವನ್ನು ಲೆಕ್ಕಹಾಕುವುದು ನ್ಯಾಯ. ೧೬೪೩–೪೪ರಲ್ಲಿ ವಿಲಿಯಂ ಡೌಸಿಂಗ್ ಎಂಬ ಅಧಿಕಾರಿಯು ಕೇಂಬ್ರಿಜ್ ಮತ್ತು ಸಫೋಕ್ ಪ್ರಾಂತಗಳ ಇನ್ನೂರಕ್ಕೂ ಹೆಚ್ಚು ಆರಾಧನಾಮಂದಿರಗಳನ್ನು ಸುತ್ತಿ ಬಣ್ಣದ ಗಾಜಿನ ಚಿತ್ರಗಳನ್ನೂ ಕೆತ್ತನೆಗಳನ್ನೂ ಶಿಲುಬೆಗಳನ್ನೂ ಒಡೆಸಿದನು. ಎಲ್ಲೆಲ್ಲಿ ಏನೇನನ್ನು ಒಡೆದುದಾಯಿತೆಂದು ಆತನು ದಿನಚರಿಯನ್ನೂ ಇಟ್ಟನು. ಶತಮಾನಗಳ ಅನಾಮಧೇಯ ಶಿಲ್ಪಿಗಳ ಕೆಲಸವು ಇಂದು ಹಲವು ಕಡೆ ಆ ಪುಟಗಳ ಒಂದೊಂದು ಸಾಲಾಗಿ ಮಾತ್ರ ಉಳಿದಿದೆ. ಚಿತ್ರವನ್ನು ಒಡೆದ ಕೈಯೇ ಅಕ್ಷರವನ್ನು ಬರೆದಿಟ್ಟಿತೆಂಬುದು ಈ ಮತದ ಗುಣದೋಷಗಳೆರಡನ್ನೂ ಒಟ್ಟಿಗೆ ತೋರಿಸುವ ನಿದರ್ಶನ.

ನಾಟಕದ ವಿಷಯವೂ ವಿಚಾರಾರ್ಹವಾದುದು. ವಕೀಲನಾದ ವಿಲಿಯಂ ಪ್ರಿನ್ ಎಂಬಾತನು ೧೬೩೩ರಲ್ಲಿ ನಾಟಕಗಳನ್ನು ಖಂಡಿಸಿ ಸಾವಿರ ಪುಟಗಳನ್ನು ಮೀರಿದ ಗ್ರಂಥವನ್ನು ಹೊರಡಿಸಿದನು. ಅದರಲ್ಲಿ ರಾಣಿಯ ನಿಂದೆಯಿದೆಯೆಂದು ಮರುವರ್ಷ ಆತನ ಕಿವಿಗಳನ್ನು ಕತ್ತರಿಸಲಾಯಿತು. ಕ್ರೌರ್ಯವು ಒಂದೇ ಪಕ್ಷದ ಸೊತ್ತಾಗಿರಲಿಲ್ಲ. ಆದರೆ ಅದೇ ೧೬೩೪ರ ಸೆಪ್ಟೆಂಬರಿನಲ್ಲಿ ಲಡ್ಲೋ ಕೋಟೆಯಲ್ಲಿ ಹಾಡು ಕುಣಿತಗಳಿಂದ ಕೂಡಿದ ರೂಪಕವೊಂದು ಅಭಿನೀತವಾಯಿತು. 'ಕೋಮಸ್' ಎಂದು ಪ್ರಸಿದ್ಧವಾದ ಅದರ ಕರ್ತೃವು ೨೫ ವರ್ಷ ವಯಸ್ಸಿನ ಮಿಲ್ಟನ್! ೧೬೪೨ರ ಆಜ್ಞೆಗೂ ಮತವೊಂದೇ ಕಾರಣವಲ್ಲ. ಆಗ ತಾನೇ ಅಂತರ್ಯುದ್ಧವು ಆರಂಭವಾಗಿತ್ತು; ದೇಶದ ಸಂಕಟಕಾಲಕ್ಕೆ ವಿನೋದವು ಹೊಂದದೆಂಬುದೇ ಆಜ್ಞೆಯಲ್ಲಿ ಹೇಳಿದ ಕಾರಣ. ಆದರೆ ೧೬೪೮ರಲ್ಲಿ ಹೊರಟ ಇನ್ನೊಂದು ಶಾಸನವು ನಾಟಕಶಾಲೆಗಳನ್ನು ಕೆಡವಬೇಕೆಂದೂ ನಟರನ್ನು ಪೋಕರಿಗಳಂತೆ ದಂಡಿಸಬೇಕೆಂದೂ ವಿಧಿಸಿತು, ಇದನ್ನು ಸಮರ್ಥಿಸಲಾಗದು. ೧೬೬೦ರಲ್ಲಿ ರಂಗಭೂಮಿಯು ಮತ್ತೆ ತೆರೆದಾಗ ಹಳೆಯ ನಟಪರಂಪರೆಯ ಎಳೆ ಬಹುಮಟ್ಟಿಗೆ ಕಡಿದುಹೋಗಿತ್ತು.

ಅಮೆರಿಕದ ಕತೆಯಲ್ಲಿಯೂ ಇಂತಹ ಪುಟಗಳಿವೆ. ೧೬೨೦ರಲ್ಲಿ 'ಮೇಫ್ಲವರ್' ಹಡಗಿನಲ್ಲಿ ೧೦೨ ಮಂದಿಯೂ, ೧೬೩೦ರಲ್ಲಿ ಜಾನ್ ವಿನ್‌ತ್ರಪನ ನೇತೃತ್ವದಲ್ಲಿ ಮತ್ತೂ ದೊಡ್ಡ ತಂಡವೂ ತಮ್ಮ ಮನಸ್ಸಾಕ್ಷಿಯಂತೆ ದೇವರನ್ನು ಆರಾಧಿಸಲು ಕಡಲು ದಾಟಿದುವು. ಆದರೆ ಬಾಸ್ಟನ್ನಿನಲ್ಲಿ ೧೬೫೯ರಿಂದ ೧೬೬೧ರೊಳಗೆ ಕ್ವೇಕರ್ ಪಂಥದ ನಾಲ್ವರನ್ನು ನೇಣಿಗೇರಿಸಿದವರು ಇದೇ ಜನರು. ೧೬೯೨ರಲ್ಲಿ ಸೇಲಂ ಊರಿನ ಮಾಟದ ವಿಚಾರಣೆಗಳಲ್ಲಿ ೧೯ ಮಂದಿಯನ್ನು ನೇಣುಹಾಕಿ, ಒಬ್ಬನನ್ನು ಕಲ್ಲುಗಳ ಭಾರದಡಿ ಕೊಂದರು. ಆ ನ್ಯಾಯಾಧಿಪತಿಗಳಲ್ಲೊಬ್ಬನ ವಂಶದಲ್ಲಿ ಹುಟ್ಟಿದ ನೆಥೇನಿಯಲ್ ಹಾಥಾರ್ನನು ೧೮೫೦ರಲ್ಲಿ 'ಸ್ಕಾರ್ಲೆಟ್ ಲೆಟರ್' ಕಾದಂಬರಿಯನ್ನು ಬರೆದು, ಪರರ ಪಾಪವನ್ನು ಬಟ್ಟೆಯ ಮೇಲೆ ಬರೆಯಿಸುವ ಸಮಾಜವು ತನ್ನ ಪಾಪವನ್ನು ಎಲ್ಲಿ ಅಡಗಿಸಿಡುವುದೆಂಬುದನ್ನು ತೋರಿಸಿದನು. ಆತನು ಪ್ಯೂರಿಟನ್ನರನ್ನು ಅಳೆದುದು ಅವರದೇ ಅಳತೆಗೋಲಾದ ಆತ್ಮಪರೀಕ್ಷೆಯಿಂದಲೇ.

೫

ಇನ್ನು ಲಾಭದ ಪಕ್ಷ. ಮೊದಲನೆಯದು ಗದ್ಯಶೈಲಿ. ಕೇಂಬ್ರಿಜ್ ನಗರದ ಬೋಧಕನಾದ ವಿಲಿಯಂ ಪರ್ಕಿನ್ಸನು (೧೫೫೮–೧೬೦೨) ಉಪದೇಶಕಲೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಬೋಧಕನು ತನ್ನ ಪಾಂಡಿತ್ಯವನ್ನು ಪ್ರದರ್ಶಿಸದೆ ಮರೆಮಾಡಬೇಕೆಂದು ವಿಧಿಸಿದನು. ಗಾಜು ನಿರ್ಮಲವಾಗಿದ್ದರೆ ಮಾತ್ರ ಬೆಳಕು ಒಳಗೆ ಬರುವುದೆಂಬ ಭಾವ. ಬಣ್ಣದ ಗಾಜನ್ನು ಒಡೆದ ಮತವು ಭಾಷೆಯಲ್ಲಿಯೂ ಬಿಳಿಯ ಗಾಜನ್ನೇ ಬಯಸಿತು. ರೈತನಿಗೂ ಅಂಗಡಿಯವನಿಗೂ ತಿಳಿಯುವ, ಆದರೆ ಬೈಬಲಿನ ಲಯದಿಂದ ಗಂಭೀರವಾದ ಒಂದು ಗದ್ಯವು ಇದರಿಂದ ಹದಗೊಂಡಿತು.

ಬನ್ಯನ್ನನು ಈ ಹದದ ಪರಿಪಕ್ವ ಫಲ. ೧೬೨೮ರಲ್ಲಿ ಬೆಡ್‌ಫರ್ಡಿನ ಬಳಿಯ ಎಲ್‌ಸ್ಟೋ ಗ್ರಾಮದಲ್ಲಿ ಹುಟ್ಟಿದ ಈತನಿಗೆ ಮೊದಲ ಹೆಂಡತಿಯು ಬಳುವಳಿಯಾಗಿ ತಂದುದು ಎರಡು ಧರ್ಮಗ್ರಂಥಗಳನ್ನು ಮಾತ್ರ. ರಾಜಪ್ರಭುತ್ವವು ಹಿಂದಿರುಗಿದ ೧೬೬೦ರಲ್ಲಿ, ಅನುಜ್ಞೆಯಿಲ್ಲದೆ ಉಪದೇಶ ಮಾಡಿದನೆಂದು ಆತನನ್ನು ಸೆರೆಗೆ ಹಾಕಿದರು. ಇನ್ನು ಉಪದೇಶಿಸುವುದಿಲ್ಲವೆಂದು ಒಂದು ಮಾತು ಕೊಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು, ಆತನು ಕೊಡಲಿಲ್ಲ. ಹೆಂಡತಿ, ಕುರುಡಿಯಾದ ಹಿರಿಯ ಮಗಳು, ಇತರ ಮಕ್ಕಳು ಹೊರಗೆ. ಆತನು ೧೬೭೨ರ ವರೆಗೆ ಒಳಗೆ. ಸೆರೆಯಲ್ಲಿದ್ದಾಗಲೇ ೧೬೬೬ರಲ್ಲಿ 'ಗ್ರೇಸ್ ಅಬೌಂಡಿಂಗ್' ಎಂಬ ಆತ್ಮಕಥನವು ಪ್ರಕಟವಾಯಿತು. ಶಾಸ್ತ್ರದ ಒಂದೊಂದು ವಾಕ್ಯವು ಬೆನ್ನಟ್ಟಿ ಬಂದು ತನ್ನನ್ನು ಹಿಡಿದಂತೆಯೂ, ಇನ್ನೊಂದು ವಾಕ್ಯವು ಬಂದು ಬಿಡಿಸಿದಂತೆಯೂ ಆತನು ಅದರಲ್ಲಿ ವರ್ಣಿಸುತ್ತಾನೆ. ಪದಗಳು ಆತನಿಗೆ ಪ್ರಾಣಿಗಳಷ್ಟು ಜೀವಂತ. ಇಂತಹ ಮನಸ್ಸಿಗೆ ರೂಪಕಕಥೆಯು ಅಲಂಕಾರವಲ್ಲ, ಅನುಭವದ ನೇರ ನಿರೂಪಣೆಯೇ. ಬೆನ್ನ ಮೇಲೆ ಪಾಪದ ಹೊರೆಯನ್ನು ಹೊತ್ತ ಯಾತ್ರಿಕನು ನಾಶನಗರವನ್ನು ಬಿಟ್ಟು ಓಡುತ್ತಾನೆ. ನಿರಾಶೆಯ ಕೆಸರಿನಲ್ಲಿ ಹೂಳುತ್ತಾನೆ. ಆಡಂಬರದ ಸಂತೆಯಲ್ಲಿ ಅವನ ಸಂಗಡಿಗನನ್ನು ಕೊಲ್ಲುತ್ತಾರೆ. ಸಂಶಯದ ಕೋಟೆಯಲ್ಲಿ ದೈತ್ಯನೊಬ್ಬನು ಅವನನ್ನು ಸೆರೆಯಿಡುತ್ತಾನೆ. ಕೊನೆಗೆ ಬಾಗಿಲು ತೆರೆಯುವ ಕೀಲಿಯು ಇಷ್ಟು ದಿನವೂ ತನ್ನ ಎದೆಯ ಬಳಿಯೇ ಇದ್ದಿತೆಂದು ನೆನಪಾಗುತ್ತದೆ. ಸೆರೆಮನೆಯನ್ನು ಕಂಡವನೇ ಈ ಕೀಲಿಯನ್ನು ಕಲ್ಪಿಸಬಲ್ಲನು. ಗೋಡೆಯ ಮೇಲಿನ ಚಿತ್ರವನ್ನು ಒಪ್ಪದ ಮತವು ಇಲ್ಲಿ ಓದುಗನ ಒಳಗೆ ಒಂದು ಚಿತ್ರಶಾಲೆಯನ್ನೇ ತೆರೆಯಿತು. ಹಾಗೆಂದು ಈ ಮತದ ಕಾಠಿನ್ಯವನ್ನು ಬನ್ಯನ್ನನು ಮರೆಮಾಚುವುದಿಲ್ಲ. ಯಾತ್ರಿಕರು ಸ್ವರ್ಗದ್ವಾರವನ್ನು ಹೊಕ್ಕ ಮೇಲೆ, ಅಲ್ಲಿಯ ತನಕ ನಡೆದು ಬಂದ ಇನ್ನೊಬ್ಬನನ್ನು ಕೈಕಾಲು ಕಟ್ಟಿ ನರಕದ ಬಾಗಿಲಿಗೆ ಎಸೆಯುವುದನ್ನು ತೋರಿಸಿಯೇ ಮೊದಲ ಭಾಗವು ಮುಗಿಯುತ್ತದೆ.

ಮಿಲ್ಟನ್ನನ ಮತವನ್ನು ಕುರಿತು ಎಚ್ಚರಿಕೆಯಿಂದ ಮಾತಾಡಬೇಕು. ಪೂರ್ವನಿರ್ಣಯವನ್ನು ಆತನು ಕ್ಯಾಲ್ವಿನ್ನನ ಅರ್ಥದಲ್ಲಿ ಒಪ್ಪಲಿಲ್ಲ. ೧೮೨೩ರಲ್ಲಿ ದೊರೆತ, ಆತನದೆಂದು ಬಹುಮಂದಿ ವಿದ್ವಾಂಸರು ಒಪ್ಪಿರುವ ಲ್ಯಾಟಿನ್ ಧರ್ಮಗ್ರಂಥದಲ್ಲಿ ತ್ರಿತ್ವಸಿದ್ಧಾಂತವೂ ಸಡಿಲವಾಗಿದೆ. ಆದರೆ ಯಾವ ಗುರುವಿನ ಮಾತಿಗೂ ತಲೆಬಾಗದೆ ಶಾಸ್ತ್ರವನ್ನು ತಾನೇ ಓದಿ ನಿರ್ಣಯಿಸುವೆನೆಂಬ ಹಟವು ಪ್ಯೂರಿಟನ್ ತತ್ತ್ವದ ಕೊನೆಯ ಮೆಟ್ಟಿಲೇ ಹೊರತು ಅದರ ನಿರಾಕರಣೆಯಲ್ಲ. ೧೬೪೩ರಲ್ಲಿ ಪಾರ್ಲಿಮೆಂಟು ಗ್ರಂಥಗಳಿಗೆ ಪೂರ್ವಾನುಮತಿಯನ್ನು ಕಡ್ಡಾಯಪಡಿಸಿದಾಗ, ಮರುವರ್ಷ ಅನುಮತಿಯಿಲ್ಲದೆಯೇ ಅಚ್ಚಾದ 'ಏರಿಯೋಪೆಜಿಟಿಕ'ದಲ್ಲಿ ಆತನು ತನ್ನ ಪಕ್ಷದವರನ್ನೇ ಎದುರಿಸಿದನು. ಪರೀಕ್ಷೆಗೆ ಒಡ್ಡದ ಸದ್ಗುಣವು ಸದ್ಗುಣವೇ ಅಲ್ಲವೆಂದು ವಾದಿಸಿದನು. ಈ ವಾದವೇ ಇಪ್ಪತ್ತು ವರ್ಷಗಳ ತರುವಾಯ ಮಹಾಕಾವ್ಯದ ವಸ್ತುವಾಯಿತು. ನಂದನವನದಲ್ಲಿ ಒಂದು ಹಣ್ಣು, ಒಂದು ಆಜ್ಞೆ, ಎರಡು ಸ್ವತಂತ್ರ ಮನಸ್ಸುಗಳು. ವೀರರ ಯುದ್ಧಗಳಿಗಿಂತ ಒಬ್ಬ ಸ್ತ್ರೀಯೂ ಒಬ್ಬ ಪುರುಷನೂ ತಮ್ಮೊಳಗೆ ಮಾಡಿಕೊಳ್ಳುವ ಆಯ್ಕೆಯೇ ಹಿರಿದಾದ ಕಾವ್ಯವಸ್ತುವೆಂದು ಆತನು ತಿಳಿದನು. ಒಂದೊಂದು ಆತ್ಮದ ನಿರ್ಣಯದ ಮೇಲೆಯೂ ಲೋಕದ ಭಾರವಿದೆಯೆಂದು ನಂಬಿದ ಮತದಲ್ಲಿ ಬೆಳೆಯದಿದ್ದವನಿಗೆ ಈ ಧೈರ್ಯವು ಬರುತ್ತಿತ್ತೇ ಎಂಬುದು ಸಂದೇಹ. ೧೬೫೨ರ ಹೊತ್ತಿಗೆ ಪೂರ್ಣ ಅಂಧನಾಗಿ, ೧೬೬೦ರಲ್ಲಿ ತನ್ನ ಪಕ್ಷವು ನೆಲಕಚ್ಚಿದುದನ್ನು ಕೇಳಿ, ಆತನು ಈ ಕಾವ್ಯವನ್ನು ಪರರಿಂದ ಬರೆಯಿಸಿದನು. ಪ್ರಾಸವನ್ನು ಬಿಟ್ಟು ಸರಳರಗಳೆಯಂತಹ ನಡೆಯನ್ನು ಹಿಡಿದುದನ್ನೂ ಆತನು ದಾಸ್ಯದಿಂದ ಪಡೆದ ಬಿಡುಗಡೆಯೆಂದೇ ಸಮರ್ಥಿಸಿಕೊಂಡನು. ಕೊನೆಯಲ್ಲಿ ಆದಮನೂ ಈವಳೂ ಕೈಹಿಡಿದು ವನದಿಂದ ಹೊರನಡೆಯುತ್ತಾರೆ. ಹೊರಗಿನ ನಂದನವು ಹೋದರೂ ಒಳಗೊಂದನ್ನು ಬೆಳೆಸಿಕೊಳ್ಳಬಹುದೆಂಬ ಆಶ್ವಾಸನೆಯೊಂದೇ ಅವರ ಬುತ್ತಿ. ರಾಜಕೀಯದಲ್ಲಿ ಸೋತ ಒಂದು ಪಕ್ಷದ ಪೂರ್ಣ ಚರಿತ್ರೆಯು ಈ ನಡಗೆಯಲ್ಲಿದೆ.

ಸಣ್ಣ ಕೃತಿಗಳಲ್ಲಿ ಈ ಮತದ ಹೃದಯವು ಇನ್ನೂ ಹತ್ತಿರದಿಂದ ಕಾಣುತ್ತದೆ. ೧೬೩೦ರಲ್ಲಿ ಮ್ಯಾಸಚೂಸೆಟ್ಸಿಗೆ ಬಂದ ಆನ್ ಬ್ರಾಡ್‌ಸ್ಟ್ರೀಟ್ ಎಂಬಾಕೆಯ ಕವಿತೆಗಳು ೧೬೫೦ರಲ್ಲಿ ಲಂಡನ್ನಿನಲ್ಲಿ ಅಚ್ಚಾದುವು. ೧೬೬೬ರ ಜುಲೈ ತಿಂಗಳಿನಲ್ಲಿ ಆಕೆಯ ಮನೆ ಸುಟ್ಟುಹೋಯಿತು. ಅದನ್ನು ಕುರಿತ ಪದ್ಯದಲ್ಲಿ ಆಕೆಯು ಬೂದಿಯ ಪಕ್ಕದಲ್ಲಿ ಹಾಯುವಾಗ ಕಣ್ಣು ತಾನಾಗಿಯೇ ಹೊರಳುತ್ತದೆ: ಪೆಟ್ಟಿಗೆಯಿದ್ದ ಸ್ಥಳ ಇದು, ತಾನು ಕುಳಿತಿರುತ್ತಿದ್ದುದು ಇಲ್ಲಿ, ಈ ಸೂರಿನಡಿ ಇನ್ನು ಅತಿಥಿಗಳು ಉಣ್ಣುವುದಿಲ್ಲ, ದೀಪ ಹತ್ತುವುದಿಲ್ಲ. ಆಮೇಲೆ, ಇದೆಲ್ಲವೂ ದೇವರದೇ ಹೊರತು ನನ್ನದಲ್ಲವೆಂದು ಮನಸ್ಸನ್ನು ತಿರುಗಿಸಿಕೊಳ್ಳುತ್ತಾಳೆ. ತ್ಯಜಿಸಬೇಕಾದುದನ್ನು ಇಷ್ಟು ಪ್ರೀತಿಯಿಂದ ಎಣಿಸಿದ ಮೇಲೆ ಆ ತ್ಯಾಗಕ್ಕೆ ಬೆಲೆ ಬರುತ್ತದೆ. ಪ್ರೀತಿಯನ್ನು ಅಡಗಿಸಬೇಕೆಂಬ ಕಟ್ಟಳೆಯೇ ಅದನ್ನು ಬಯಲಿಗೆ ತಂದಿತು. ವೆಸ್ಟ್‌ಫೀಲ್ಡ್ ಊರಿನ ಪಾದ್ರಿಯಾಗಿದ್ದ ಎಡ್ವರ್ಡ್ ಟೇಲರನಾದರೋ ೧೬೮೨ರಿಂದ ೧೭೨೫ರ ವರೆಗೆ, ಪ್ರಭುಭೋಜನದ ವಿಧಿಗೆ ತನ್ನನ್ನು ಸಿದ್ಧಪಡಿಸಿಕೊಳ್ಳಲೋಸ್ಕರ, ಇನ್ನೂರಕ್ಕೂ ಹೆಚ್ಚು ಧ್ಯಾನಪದ್ಯಗಳನ್ನು ಬರೆದು ಅಚ್ಚುಹಾಕಿಸದೆ ಇಟ್ಟನು. ಅವು ಗ್ರಂಥರೂಪವಾಗಿ ಬೆಳಕು ಕಂಡುದು ೧೯೩೯ರಲ್ಲಿ. ಪೆರಿ ಮಿಲ್ಲರ್ ಎಂಬ ವಿದ್ವಾಂಸರು ಪ್ಯೂರಿಟನ್ನರ ಚಿಂತನಪದ್ಧತಿಯನ್ನು ಕುರಿತ ತಮ್ಮ ಮಹಾಗ್ರಂಥವನ್ನು ಪ್ರಕಟಿಸಿದುದೂ ಅದೇ ವರ್ಷ. ಪ್ಯೂರಿಟನ್ನರು ರಸಹೀನರೆಂಬ ಹಳೆಯ ಮಾತು ಆ ಬಳಿಕ ಮೊದಲಿನಷ್ಟು ನಿರಾತಂಕವಾಗಿ ನಡೆಯಲಿಲ್ಲ.

ಕಾದಂಬರಿಯೂ ಈ ಋಣದಿಂದ ಮುಕ್ತವಲ್ಲ. ೧೬೬೨ರ ಏಕರೂಪತಾ ಶಾಸನಕ್ಕೆ ಒಪ್ಪದೆ ಸುಮಾರು ಎರಡು ಸಾವಿರ ಪಾದ್ರಿಗಳು ಸ್ಥಾನಗಳನ್ನು ಕಳೆದುಕೊಂಡರು. ಅವರ ಅನುಯಾಯಿಗಳಿಗೆ ವಿಶ್ವವಿದ್ಯಾನಿಲಯಗಳು ಮುಚ್ಚಿದುದರಿಂದ ಅವರು ತಮ್ಮವೇ ಪಾಠಶಾಲೆಗಳನ್ನು ತೆರೆದರು. ಅಂತಹ ಒಂದರಲ್ಲಿ ಇಂಗ್ಲಿಷ್ ಭಾಷೆಯಲ್ಲಿಯೇ ಶಿಕ್ಷಣ ಪಡೆದವನು ಡೇನಿಯಲ್ ಡೀಫೋ. ೧೭೧೯ರಲ್ಲಿ ಆತನು ಬರೆದ ರಾಬಿನ್ಸನ್ ಕ್ರೂಸೋವಿನ ಕಥೆಯಲ್ಲಿ ನಾಯಕನು ದ್ವೀಪದಲ್ಲಿ ಒಂಟಿಯಾಗಿ ಕುಳಿತು ತನ್ನ ಸುಖದುಃಖಗಳನ್ನು ಜಮಾಖರ್ಚಿನಂತೆ ಎರಡು ಅಂಕಣಗಳಲ್ಲಿ ಬರೆಯುತ್ತಾನೆ, ಶಾಯಿ ತೀರುವ ತನಕ ದಿನಚರಿಯನ್ನು ಇಡುತ್ತಾನೆ, ಜ್ವರದಲ್ಲಿ ಬೈಬಲನ್ನು ತೆರೆದು ತನಗೇ ಹೇಳಿದಂತಿರುವ ವಾಕ್ಯವನ್ನು ಕಾಣುತ್ತಾನೆ. ಆತ್ಮಪರೀಕ್ಷೆಯ ದಿನಚರಿಯು ಲೌಕಿಕ ಕಥನವಾಗಿ ಮಾರ್ಪಡುವ ಗಳಿಗೆಯನ್ನು ನಾವು ಇಲ್ಲಿ ಕಣ್ಣಾರೆ ಕಾಣಬಹುದು.

೬

ಈ ಚರಿತ್ರೆಯ ಒಂದು ಎಳೆಯು ನಮ್ಮ ನಾಡಿಗೂ ಬಂದು ಮುಟ್ಟಿದೆ. ೧೮೧೭ರಲ್ಲಿ ಶ್ರೀರಾಂಪುರದಿಂದ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ ವಿಲಿಯಂ ಕೇರಿಯು ಬನ್ಯನ್ನನಂತೆ ಕೈಕಸಬಿನಿಂದ ಮೇಲೆ ಬಂದವನು. ಚಪ್ಪಲಿ ಹೊಲಿಯುತ್ತಿದ್ದ ಬ್ಯಾಪ್ಟಿಸ್ಟ್ ಬೋಧಕ. ೧೮೧೦ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಕೈಗೊಂಡ ಜಾನ್ ಹ್ಯಾಂಡ್ಸರೂ, ೧೮೨೪ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ ೧೮೩೨ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ ವಿಲಿಯಂ ರೀವರೂ ಲಂಡನ್ ಮಿಷನರಿ ಸೊಸೈಟಿಯವರು. ಬಹುಮಟ್ಟಿಗೆ ಕಾಂಗ್ರಿಗೇಷನಲ್ ಪಂಥದವರಿಂದ ಬೆಳೆದ ಆ ಸಂಸ್ಥೆಯು ಪ್ಯೂರಿಟನ್ನರ ನೇರ ವಾರಸುದಾರ. ಅದೇ ಸಂಸ್ಥೆಯ ಬೆಂಗಳೂರಿನ ಪಾದ್ರಿಯೊಬ್ಬರ ಮಗನಾಗಿ ೧೮೩೭ರಲ್ಲಿ ಹುಟ್ಟಿದವರು ನಮ್ಮ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ಸಂಗ್ರಹಿಸಿದ ಲೂಯಿ ರೈಸರು. ಬನ್ಯನ್ನನ ಕಥೆಯು ೧೮೪೭ರಲ್ಲಿ 'ಯಾತ್ರಿಕನ ಸಂಚಾರ'ವೆಂದು ಕನ್ನಡದಲ್ಲಿ ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಷನ್ನಿನವರು ಈ ಶಾಖೆಯವರಲ್ಲ. ಅವರ ಮೂಲವು ಜರ್ಮನ್ ದೇಶಗಳ ಭಕ್ತಿಪಂಥ. ಎರಡನ್ನೂ ಒಂದೇ ಎಂದು ಬರೆಯುವ ವಾಡಿಕೆಯನ್ನು ತಿದ್ದಿಕೊಳ್ಳುವುದು ಲೇಸು.

ಈ ಸಂಬಂಧವನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಸಾವಿರ ವರ್ಷಗಳ ಸಾಹಿತ್ಯವಿದ್ದ ಭಾಷೆಗೆ ಇವರು ಸಾಹಿತ್ಯವನ್ನು ತಂದುಕೊಡಲಿಲ್ಲ. ಇವರ ಉದ್ದೇಶವು ಮತಪ್ರಚಾರವಾಗಿತ್ತು. ಆದರೆ ಟಿಂಡೇಲನನ್ನು ಕಾಡಿದ ಪ್ರಶ್ನೆಯೇ ಇವರನ್ನೂ ಇದಿರುಗೊಂಡಿತು. 'ಪಾಪ', 'ಕೃಪೆ', 'ನಂಬಿಕೆ' ಎಂಬ ಮಾತುಗಳನ್ನು ಬೈಬ್ಲಿಗೆ ತಂದಾಗ, ಕರ್ಮ ಜನ್ಮಾಂತರಗಳ ಮತ್ತು ಭಕ್ತಿಮಾರ್ಗಗಳ ಎಷ್ಟೋ ಕಾಲದ ಅರ್ಥಗಳು ಅವುಗಳ ಜತೆಗೇ ಬಂದುವು. ಪದವು ಹೊಸ ಮತವನ್ನು ಹೊತ್ತುಕೊಂಡಿತು. ಹಳೆಯ ಹೊರೆಯನ್ನು ಇಳಿಸಲಿಲ್ಲ. ನಮ್ಮ ಆಧುನಿಕ ಗದ್ಯದ ಆರಂಭವನ್ನು ವಿಚಾರಿಸುವವರಿಗೆ ಇದು ಇನ್ನೂ ದುಡಿಯಬೇಕಾದ ಹೊಲ.

೭

ಮೊದಲ ಪ್ರಶ್ನೆಗೆ ಹಿಂದಿರುಗೋಣ. ಬಾಗಿಲು ಹಾಕಿದವರ ಮನೆಯೊಳಗೆ ಕಲೆ ಹುಟ್ಟಿದುದು ಹೇಗೆ? ಹೊರಗಿನ ರೂಪವನ್ನು ಕಳೆದುಕೊಂಡ ಭಕ್ತಿಗೆ ಪದವೊಂದೇ ಆಸರೆಯಾಯಿತು. ಪುರೋಹಿತನನ್ನು ಕಳೆದುಕೊಂಡ ಪಾಪಿಗೆ ಬರವಣಿಗೆಯೊಂದೇ ನಿವೇದನೆಯಾಯಿತು. ರಂಗಸ್ಥಳವು ಮುಚ್ಚಿದಾಗ ಆತ್ಮವೇ ರಂಗಸ್ಥಳವಾಯಿತು. ಇದರಿಂದ ಇಂಗ್ಲಿಷ್ ಸಾಹಿತ್ಯಕ್ಕೆ ಒಳಮುಖವಾದ ಆಳವು ದೊರೆಯಿತು. ಸಭೆಯಲ್ಲಿ ಕುಳಿತು ಒಟ್ಟಿಗೆ ನಕ್ಕು ಒಟ್ಟಿಗೆ ಅಳುವ ನಾಟಕದ ಸೌಭಾಗ್ಯವು ತಪ್ಪಿತು. ಒಂದನ್ನು ಕೊಟ್ಟುದಕ್ಕಾಗಿ ಇನ್ನೊಂದನ್ನು ಕಸಿದುದನ್ನು ಮನ್ನಿಸಬೇಕಾಗಿಲ್ಲ. ಕಸಿದುದಕ್ಕಾಗಿ ಕೊಟ್ಟುದನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ. ಮಿಲ್ಟನ್ನನನ್ನು ಪಾಠ ಹೇಳುವ ಅಧ್ಯಾಪಕರು ಕವಿಯನ್ನು ಮತದಿಂದ ಬಿಡಿಸಿ ತೋರಿಸುವ ಬದಲು, ಅಂಧನಾದ ಆತನು ಕೂಡ ಬಿಳಿಯ ಗೋಡೆಯ ಮುಂದೆ ಕುಳಿತೇ ನಂದನವನವನ್ನು ಕಂಡನೆಂದು ತೋರಿಸಿಕೊಟ್ಟರೆ, ವಿದ್ಯಾರ್ಥಿಗಳಿಗೆ ಕಾವ್ಯವೂ ಚರಿತ್ರೆಯೂ ಒಟ್ಟಿಗೆ ತಿಳಿದಾವು.